ನಿಜಗುಣರ ಕೈವಲ್ಯವೂ ಜೈನಾಗಮದ ಕೇವಲವೂ: ಅಧ್ಯಾತ್ಮ ಹಸ್ತಪ್ರತಿಗಳ ನಿರ್ಣಯದಲ್ಲಿ ಒಂದು ವಿವೇಚನೆ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯು ಕನ್ನಡ ವಾಙ್ಮಯದಲ್ಲಿ ಹಲವು ಧಾರೆಗಳು ಕೂಡಿದ ನೆಲ. ಹನೂರಿನ ಕಡೆಯ ಮಲೆಗಳಲ್ಲಿ ಮಾದೇಶ್ವರನ ಕಥನವು ಕಂಸಾಳೆಯವರ ಕಂಠದಲ್ಲಿಯೇ ಉಳಿದು ಬಂದಿತು. ಯಳಂದೂರು ಸಂಚಿಯ ಹೊನ್ನಮ್ಮನ ಊರು. ಕೊಳ್ಳೇಗಾಲದ ಸೀಮೆಯ ಚಿಲಕವಾಡಿಯ ಬಳಿಯಿರುವ ಶಂಭುಲಿಂಗನ ಬೆಟ್ಟವು ನಿಜಗುಣ ಶಿವಯೋಗಿಗಳ ತಪೋಭೂಮಿಯೆಂದು ಪ್ರಸಿದ್ಧವಾಗಿದೆ. ಅವರು ಮೊದಲು ಈ ಪ್ರದೇಶದ ಅರಸರಾಗಿದ್ದು ಅನಂತರ ವಿರಕ್ತರಾದರೆಂಬುದು ಪರಂಪರೆಯ ನಂಬಿಕೆ. ಇಲ್ಲಿಗೆ ಅನತಿದೂರದಲ್ಲಿ, ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ, ಪೂಜ್ಯಪಾದಾಚಾರ್ಯರ ಸ್ಮರಣೆಯೊಡನೆ ಹೊಂದಿಕೊಂಡ ಕನಕಗಿರಿ ಕ್ಷೇತ್ರವಿದೆ.

ಹೀಗೆ ನೆರೆಹೊರೆಯಲ್ಲಿ ಬಾಳಿದ ಎರಡು ಅಧ್ಯಾತ್ಮ ಸಂಪ್ರದಾಯಗಳ ಓಲೆಗರಿಗಳು ಒಂದೇ ಕಟ್ಟಿನಲ್ಲಿ ಸೇರಿಹೋಗುವುದು ಅಸಂಭವವಲ್ಲ. ಆದಿಯ ಗರಿಯೂ ಅಂತ್ಯದ ಗರಿಯೂ ಲುಪ್ತವಾಗಿ, ನಡುವಿನ ಹತ್ತಾರು ಗರಿಗಳು ಮಾತ್ರ ಉಳಿದ ಪ್ರತಿಯಲ್ಲಿ ‘ಆತ್ಮ’, ‘ಪರಮಾತ್ಮ’, ‘ಶುದ್ಧ’, ‘ನಿರಂಜನ’, ‘ನಿರ್ವಿಕಲ್ಪ’, ‘ಸ್ವಾನುಭವ’ ಎಂಬ ಶಬ್ದಗಳು ಕಂಡೊಡನೆ ಸೂಚಿಕಾರನು ಅದನ್ನು ಒಂದು ಮತಕ್ಕೆ ಹಚ್ಚಿಬಿಡುವನು. ಕಟ್ಟು ದೊರೆತ ಸ್ಥಳವನ್ನೇ, ಅದು ಬಸದಿಯಾಗಲಿ ಮಠವಾಗಲಿ, ಪ್ರಮಾಣವಾಗಿ ಹಿಡಿಯುವುದೂ ಉಂಟು. ಎರಡೂ ದುರ್ಬಲವಾದ ಹೇತುಗಳು. ಇಲ್ಲಿ ತಪ್ಪಿದರೆ ಅದು ಕರ್ತೃನಾಮದ ತಪ್ಪಾಗಿ ಮಾತ್ರ ನಿಲ್ಲದು. ಅನೇಕ ಜೀವದ್ರವ್ಯಗಳನ್ನು ಹೇಳುವ ಸಿದ್ಧಾಂತವನ್ನು ಏಕಬ್ರಹ್ಮವಾದಕ್ಕೆ ಒಪ್ಪಿಸಿದಂತಾಗುತ್ತದೆ, ಅಥವಾ ಅದರ ವಿಪರ್ಯಯವಾಗುತ್ತದೆ.

ನಿಜಗುಣರ ಕಾಲವನ್ನು ಸುಮಾರು 1500 ಎಂದು ವಿದ್ವಾಂಸರು ಹೇಳುತ್ತಾರೆ. ‘ಕೈವಲ್ಯಪದ್ಧತಿ’ಯು ಹಾಡುಗಳ ಸಂಕಲನ, ‘ಅನುಭವಸಾರ’ವು ತ್ರಿಪದಿಯ ಕೃತಿ, ‘ಪರಮಾರ್ಥಪ್ರಕಾಶಿಕೆ’ಯು ಸಂಸ್ಕೃತದ ‘ಶಿವಯೋಗಪ್ರದೀಪಿಕೆ’ಗೆ ಕನ್ನಡ ಟೀಕೆ, ‘ವಿವೇಕಚಿಂತಾಮಣಿ’ಯು ಗದ್ಯದ ವಿಶ್ವಕೋಶ. ಈ ಕೊನೆಯದು 1604ರಲ್ಲಿಯೇ ಮರಾಠಿಗೆ ಹೋದುದು ಅದರ ಮನ್ನಣೆಗೆ ಸಾಕ್ಷಿ. ಶಿವಭಕ್ತಿಯ ಆವರಣದಲ್ಲಿ ಅದ್ವೈತವನ್ನು ತಿಳಿಗನ್ನಡದಲ್ಲಿ ಪ್ರತಿಪಾದಿಸಿದುದು ನಿಜಗುಣರ ವಿಶೇಷ. ಜೀವನು ತನ್ನನ್ನು ದೇಹೇಂದ್ರಿಯಗಳೆಂದು ಬಗೆಯುವುದು ಅವಿದ್ಯೆಯ ಅಧ್ಯಾಸ. ಜಾಗ್ರತ್, ಸ್ವಪ್ನ, ಸುಷುಪ್ತಿಗಳಿಗೆ ಸಾಕ್ಷಿಯಾದ ಅರಿವೇ ಆತ್ಮ. ಆ ಅರಿವೇ ಶಿವ. ಜ್ಞಾತೃ, ಜ್ಞಾನ, ಜ್ಞೇಯಗಳೆಂಬ ತ್ರಿಪುಟಿಯು ಲಯವಾದಲ್ಲಿ ಅರಿವು ಅರಿವಾಗಿಯೇ ನಿಲ್ಲುತ್ತದೆ. ಅದು ಕೈವಲ್ಯ.

ಜೈನ ಅಧ್ಯಾತ್ಮದ ಭಾಷೆಯೂ ಮೇಲ್ನೋಟಕ್ಕೆ ಇದಕ್ಕಿಂತ ದೂರವಿಲ್ಲ. ಪೂಜ್ಯಪಾದರ ‘ಸಮಾಧಿತಂತ್ರ’ದಲ್ಲಿ ದೇಹಾತ್ಮಬುದ್ಧಿಯುಳ್ಳವನು ಬಹಿರಾತ್ಮ, ಅದನ್ನು ತೊರೆದು ಅಂತರಾತ್ಮನಾಗಿ ಪರಮಾತ್ಮನನ್ನು ಭಾವಿಸಬೇಕೆಂಬುದು ಅಲ್ಲಿನ ಕ್ರಮ. ಕುಂದಕುಂದಾಚಾರ್ಯರ ‘ಸಮಯಸಾರ’ದಲ್ಲಿ ವ್ಯವಹಾರನಯವನ್ನು ಅಭೂತಾರ್ಥವೆಂದಿರುವುದನ್ನು ಕಂಡ ಕೆಲವರು ಅದನ್ನು ವೇದಾಂತದ ವ್ಯಾವಹಾರಿಕ ಸತ್ತೆಯೊಡನೆ ಸಮೀಕರಿಸಿದ್ದುಂಟು. ಆದರೆ ನಯವು ವಸ್ತುವನ್ನು ನೋಡುವ ದೃಷ್ಟಿ, ವಸ್ತುವಿನ ಸತ್ತೆಯ ಮೆಟ್ಟಿಲಲ್ಲ. ನಿಶ್ಚಯನಯವು ಪುದ್ಗಲವನ್ನು ಜೀವದಿಂದ ಬೇರ್ಪಡಿಸುತ್ತದೆಯೇ ಹೊರತು ಅದನ್ನು ಇಲ್ಲವಾಗಿಸುವುದಿಲ್ಲ.

ಎರಡು ದರ್ಶನಗಳು ಅತ್ಯಂತ ಸಮೀಪಿಸುವ ಸ್ಥಳ ‘ನಿಯಮಸಾರ’ದ 159ನೆಯ ಗಾಥೆ. ಕೇವಲಿಯು ಸರ್ವವನ್ನೂ ಅರಿಯುವುದು ವ್ಯವಹಾರನಯದಿಂದ, ನಿಯಮದಿಂದ ಅರಿಯುವುದು ಆತ್ಮನನ್ನು ಎಂಬುದು ಅಲ್ಲಿನ ತಾತ್ಪರ್ಯ. ಈ ಒಂದು ಗಾಥೆಯ ಕನ್ನಡ ಟೀಕೆಯ ಗರಿಯು ಬಿಡಿಯಾಗಿ ದೊರೆತರೆ ಅದನ್ನು ಕೈವಲ್ಯಸಾಹಿತ್ಯವೆಂದು ಭ್ರಮಿಸುವುದು ಸುಲಭ. ಸಮಾಧಾನವು ‘ಸಮಯಸಾರ’ದಲ್ಲಿಯೇ ಇದೆ. ಅಮೃತಚಂದ್ರಸೂರಿಗಳ ಪಾಠಕ್ರಮದ 356ನೆಯ ಗಾಥೆಯಿಂದ ಬರುವ ಸೇಟಿಕೆಯ ದೃಷ್ಟಾಂತವನ್ನು ನೋಡಬೇಕು. ಗೋಡೆಯನ್ನು ಬೆಳ್ಳಗೆ ಮಾಡಿದ ಬಿಳಿಮಣ್ಣು ಗೋಡೆಯಾಗುವುದಿಲ್ಲ, ಬಿಳಿಮಣ್ಣಾಗಿಯೇ ಇರುತ್ತದೆ. ಹಾಗೆಯೇ ಜ್ಞಾಯಕನು ಜ್ಞೇಯವನ್ನು ಅರಿತರೂ ಜ್ಞೇಯವಾಗುವುದಿಲ್ಲ. ಪರವಸ್ತುವಿನಲ್ಲಿ ತನ್ಮಯನಾಗದೆ ಅರಿಯುತ್ತಾನೆಂಬುದಕ್ಕಾಗಿಯೇ ಅಲ್ಲಿ ‘ವ್ಯವಹಾರ’ ಎಂಬ ಮಾತು ಬಂದಿದೆ. ಗೋಡೆಯೇ ಇಲ್ಲವೆಂದು ಕುಂದಕುಂದರು ಹೇಳಲಿಲ್ಲ. ಅದ್ವೈತಕೈವಲ್ಯದಲ್ಲಿ ಅರಿಯಬೇಕಾದ ಎರಡನೆಯದು ಉಳಿಯುವುದಿಲ್ಲ. ಕೇವಲಜ್ಞಾನದಲ್ಲಿಯಾದರೋ ಸಮಸ್ತ ದ್ರವ್ಯಗಳೂ ಅವುಗಳ ತ್ರೈಕಾಲಿಕ ಪರ್ಯಾಯಗಳೂ ಯುಗಪತ್ತಾಗಿ ಹೊಳೆಯುತ್ತವೆ. ‘ಕೇವಲ’ ಎಂಬ ಒಂದೇ ಮೂಲದಿಂದ ಹೊರಟ ಎರಡು ಮಾತುಗಳು ಇಷ್ಟು ದೂರ ಬೇರ್ಪಟ್ಟಿವೆ.

ಗರಿಗಳನ್ನು ಪರೀಕ್ಷಿಸುವಾಗ ದೃಷ್ಟಾಂತಗಳು ಪಾರಿಭಾಷಿಕ ಶಬ್ದಗಳಿಗಿಂತ ಹೆಚ್ಚು ನೆರವಾಗುತ್ತವೆ. ಸ್ಫಟಿಕದ ದೃಷ್ಟಾಂತವು ನಿರ್ಣಾಯಕವಲ್ಲ. ವೇದಾಂತಗ್ರಂಥಗಳಲ್ಲಿ ಅದು ಧಾರಾಳವಾಗಿದೆ, ‘ಸಮಯಸಾರ’ದ 278ನೆಯ ಗಾಥೆಯಲ್ಲಿಯೂ ಇದೆ. ಹಗ್ಗದಲ್ಲಿ ತೋರಿದ ಹಾವು ಭ್ರಾಂತಿಗೆ ಮಾತ್ರ ಉದಾಹರಣೆಯಾಗಿದ್ದರೆ ಅದರಿಂದಲೂ ಏನೂ ಸಿದ್ಧವಾಗದು. ಜಗತ್ತೆಲ್ಲವೂ ಅಂತಹ ತೋರಿಕೆಯೆಂದಿದ್ದರೆ ಅದು ಜೈನವಲ್ಲ. ಮಡಕೆಯೊಡೆದಾಗ ಘಟಾಕಾಶವು ಮಹಾಕಾಶದಲ್ಲಿ ಒಂದಾಗುವ ಮಾತು ಬಂದಲ್ಲಿಯೂ ಸಂಶಯಕ್ಕೆ ಎಡೆಯಿಲ್ಲ. ಸಿದ್ಧಜೀವನು ಚರಮದೇಹಕ್ಕಿಂತ ಕಿಂಚಿದೂನವಾದ ಆಕಾರದಲ್ಲಿ ಲೋಕಾಗ್ರದಲ್ಲಿ ಬೇರೆಯಾಗಿಯೇ ಇರುತ್ತಾನೆ, ಇನ್ನೊಂದರಲ್ಲಿ ಕರಗುವುದಿಲ್ಲ.

‘ನಿರ್ವಿಕಲ್ಪ ಸಮಾಧಿ’ ಎಂಬುದು ಉಭಯಸಾಧಾರಣವಾದ ಪದ. ಜಯಸೇನ, ಬ್ರಹ್ಮದೇವರಂತಹ ಟೀಕಾಕಾರರು ಅದರ ಹಿಂದೆ ‘ವೀತರಾಗ’ ಎಂಬ ವಿಶೇಷಣವನ್ನು ಮತ್ತೆ ಮತ್ತೆ ಇಡುತ್ತಾರೆ. ಈ ಪುನರುಕ್ತಿಯನ್ನು ಬೇಸರದಿಂದ ಓದುವವರೇ ಹೆಚ್ಚು. ಆದರೆ ಹಸ್ತಪ್ರತಿಯ ಪರೀಕ್ಷಕನಿಗೆ ಅದರಷ್ಟು ಉಪಕಾರಿಯಾದುದು ವಿರಳ. ವಿಕಲ್ಪವು ಅಡಗಿದ ಮಾತ್ರಕ್ಕೆ ಸಾಲದು, ರಾಗವು ಕ್ಷೀಣಿಸಿರಬೇಕೆಂಬುದು ಅಲ್ಲಿನ ಆಶಯ. ಸಂವರ, ನಿರ್ಜರೆ, ಗುಣಸ್ಥಾನಗಳ ಪ್ರಸ್ತಾಪವು ಸಮೀಪದ ಗರಿಗಳಲ್ಲಿದ್ದರೆ ನಿರ್ಣಯವು ದೃಢವಾಗುತ್ತದೆ. ಪದಗಳ ಕೊನೆಯಲ್ಲಿ ‘ಶಂಭುಲಿಂಗ’ ಎಂಬ ಅಂಕಿತವು ಉಳಿದಿದ್ದರೆ ನಿಜಗುಣರ ಕಡೆಗೆ ಮೊದಲು ನೋಡಬೇಕಾದುದು ಸಹಜ.

ಇವಾವುವೂ ದೊರೆಯದ ತ್ರುಟಿತ ಪ್ರತಿಗಳಿಗೆ ಸೂಚಿಯಲ್ಲಿ ‘ಅಧ್ಯಾತ್ಮ, ಮತ ಅನಿರ್ಣೀತ’ ಎಂದು ಬರೆದು, ಓದಲು ಬರುವ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಲಿಪಿಕಾರನು ಬರೆದಂತೆಯೇ, ತಿದ್ದದೆ ಕೊಡುವುದು ಯುಕ್ತ. ಬೇರೊಂದು ಭಂಡಾರದಲ್ಲಿ ಅದೇ ಕೃತಿಯ ಪೂರ್ಣಪ್ರತಿ ಸಿಕ್ಕಿದಾಗ ತುಲನೆಗೆ ಒದಗುವುದು ಆ ಎರಡು ಸಾಲುಗಳೇ.