ಪೊರೆ ಬಿಡೋ ಹಾವಿಗೆ ಊಟ ಕೊಡ್ಬೇಕಾ?

ಕಳೆದ ಜನವರಿಯಲ್ಲಿ ಕಾಫಿ ಕುಯ್ಲು ಜೋರಾಗಿದ್ದ ಸಮಯ. ಗೋಡೌನ್ ಮೂಲೆಯಲ್ಲಿದ್ದ ಖಾಲಿ ಗೋಣಿಚೀಲದ ರಾಶಿ ಎತ್ತಿದ ಕೂಡಲೇ ನಮ್ಮ ಕೆಲಸದವರೊಬ್ಬರು "ಅಯ್ಯೋ, ಕುರುಡು ಹಾವು!" ಅಂತ ಕೂಗಿ ಹಿಂದೆ ಹಾರಿದರು. ಹೋಗಿ ನೋಡಿದರೆ ಆರಡಿ ಉದ್ದದ ಕೇರೆ ಹಾವು. ಮೈ ಬಣ್ಣ ಬೂದಿ ಮೆತ್ತಿದ ಹಾಗೆ ಮಂಕಾಗಿತ್ತು. ಕಣ್ಣು ಎರಡೂ ಹಾಲಿಗೆ ನೀಲಿ ಕಲಸಿದ ಹಾಗೆ. ಸಾಮಾನ್ಯವಾಗಿ ಕೇರೆ ಹಾವು ಮನುಷ್ಯರ ಸದ್ದಾದರೆ ಬಾಣದ ಹಾಗೆ ಓಡತ್ತೆ. ಇದು ಓಡಲಿಲ್ಲ, ಸುರುಳಿ ಸುತ್ತಿ ಬುಸ್ ಅಂತ ಅಲ್ಲೇ ಕೂತಿತು.

ಆಗ ಮನೆಗೆ ಬಂದಿದ್ದ ನಮ್ಮ ಸಂಬಂಧಿಕರ ಹುಡುಗ, ಪಿಯುಸಿ ಓದೋನು, "ಪಾಪ, ಕಾಯಿಲೆ ಬಂದಿದೆ, ಸಾಕೋಣ" ಅಂತ ಹೇಳಿ ಅದನ್ನ ಒಂದು ನೀಲಿ ಡ್ರಮ್ಮಿಗೆ ತುಂಬಿದ. ನಾನೂ ಬೇಡ ಅನ್ನಲಿಲ್ಲ. ಗೋಡೌನಲ್ಲಿ ಇಲಿ ಕಾಟ ವಿಪರೀತ ಇತ್ತು, ಒಂದು ಕೇರೆ ಹಾವು ಕೈಯಲ್ಲಿದ್ದರೆ ಒಳ್ಳೆಯದೇ ಅಂತ ನನ್ನ ತಲೆಯಲ್ಲೂ ಓಡಿತ್ತು. ಹುಡುಗ ಒಂದು ನಾಟಿ ಮೊಟ್ಟೆ ಇಟ್ಟ. ತಿನ್ನಲಿಲ್ಲ. ರಾತ್ರಿ ಬೋನಿಗೆ ಬಿದ್ದ ಇಲಿಯನ್ನ ಜೀವಂತ ಡ್ರಮ್ಮಿಗೆ ಬಿಟ್ಟ. ಬೆಳಿಗ್ಗೆ ಮುಚ್ಚಳ ತೆಗೆದರೆ ಇಲಿ ಆರಾಮಾಗಿತ್ತು, ಹಾವಿನ ಬೆನ್ನಿನ ಮೇಲೆ ಎರಡು ಕಡೆ ಇಲಿ ಕಚ್ಚಿದ ಗಾಯ.

ಇಲಿ ಹಾವನ್ನ ಕಚ್ಚೋದಾ ಅಂತ ನಗಬೇಡಿ. ಆ ಹೊತ್ತಿಗೆ ಹಾವಿಗೆ ಕಣ್ಣು ಸರಿಯಾಗಿ ಕಾಣತಾನೇ ಇರಲಿಲ್ಲ.

ನಾವು ವಯಸ್ಸಾದವರಿಗೆ ಕಣ್ಣಿನ ಪೊರೆ ಬಂತು ಅಂತೀವಲ್ಲ, ಹಾವಿಗೆ ಬರೋದೂ ಪೊರೆಯೇ. ಹಾವಿಗೆ ನಮ್ಮ ಹಾಗೆ ಮುಚ್ಚಿ ತೆಗೆಯೋ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಪಾರದರ್ಶಕ ಹೊದಿಕೆ ಇರತ್ತೆ, ಅದೂ ಚರ್ಮದ ಭಾಗವೇ. ಹಳೇ ಚರ್ಮದ ಕೆಳಗೆ ಹೊಸದು ತಯಾರಾದಾಗ ಎರಡರ ಮಧ್ಯೆ ದ್ರವ ತುಂಬಿಕೊಳ್ಳತ್ತೆ. ಮೈ ಮಂಕಾಗೋದು, ಕಣ್ಣು ನೀಲಿಯಾಗೋದು ಅದರಿಂದಲೇ. ಕೆಲವು ದಿನ ಹೀಗಿದ್ದು, ಕಣ್ಣು ಮತ್ತೆ ತಿಳಿಯಾಗತ್ತೆ. ಜನ ಇಲ್ಲೇ ಮೋಸ ಹೋಗೋದು. ಕಣ್ಣು ತಿಳಿಯಾಯ್ತು, ಎಲ್ಲ ಮುಗೀತು ಅಂದುಕೊಳ್ತಾರೆ. ಪೊರೆ ಕಳಚೋದು ಅದಾಗಿ ಇನ್ನೂ ಕೆಲವು ದಿನ ಬಿಟ್ಟು. ಶುರುವಿನಿಂದ ಕೊನೆವರೆಗೆ ಒಂದರಿಂದ ಎರಡು ವಾರ ಹಿಡಿಯತ್ತೆ. ಬೆಳೆಯೋ ಮರಿಗಳು ಪದೇ ಪದೇ ಪೊರೆ ಬಿಡ್ತವೆ, ದೊಡ್ಡ ಹಾವುಗಳು ವರ್ಷಕ್ಕೆ ಕೆಲವೇ ಸಲ. ಗಾಯ ಆದ ಹಾವು ಬೇಗ ಬೇಗ ಪೊರೆ ಬಿಡೋದೂ ಉಂಟು.

ಈ ದಿನಗಳಲ್ಲಿ ಹೆಚ್ಚಿನ ಹಾವುಗಳು ಊಟ ಮುಟ್ಟೋದಿಲ್ಲ. ಅದು ಕಾಯಿಲೆಯಲ್ಲ. ಕಾಣದ ಕಣ್ಣಲ್ಲಿ ಬೇಟೆಗೆ ಹೋಗೋದಕ್ಕಿಂತ ಸಂದಿಯಲ್ಲಿ ಅಡಗಿರೋದೇ ಅದಕ್ಕೆ ಕ್ಷೇಮ. ಕೆಲವು ಹಾವು ತಿಂದರೂ ಆಮೇಲೆ ಕಕ್ಕಿಬಿಡ್ತವೆ. ಹಾವು ವಾರಗಟ್ಟಲೆ ಉಪವಾಸ ಇರಬಲ್ಲ ಪ್ರಾಣಿ, ನಮ್ಮ ಹಾಗೆ ಮೂರು ಹೊತ್ತಿನ ಲೆಕ್ಕ ಅದಕ್ಕಿಲ್ಲ. ಬೇಕಾಗೋದು ನೀರು ಮತ್ತು ಏಕಾಂತ. ಹಾಲಂತೂ ಬೇಡವೇ ಬೇಡ. ನಾಗರಪಂಚಮಿಯ ಭಕ್ತಿ ಬೇರೆ ವಿಷಯ, ಆದರೆ ಹಾವಿನ ಹೊಟ್ಟೆ ಹಾಲು ಅರಗಿಸಿಕೊಳ್ಳೋ ಹೊಟ್ಟೆಯಲ್ಲ. ಬಾಯಾರಿದ ಹಾವು ಎದುರಿಗಿಟ್ಟ ಏನನ್ನಾದರೂ ಕುಡೀಬಹುದು, ಅದನ್ನ ನೋಡಿ ಹಾಲು ಇಷ್ಟ ಅಂದುಕೊಳ್ಳೋದು ನಾವು.

ಈಗ ಕಾನೂನಿನ ಮಾತು. ನಮ್ಮ ತೋಟದ ಕೇರೆ ಹಾವು, ನಾಗರ, ಹೆಬ್ಬಾವು ಯಾವುದನ್ನೂ ಹಿಡಿದು ಸಾಕೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಜೈಲು ಶಿಕ್ಷೆ ಇದೆ. ಡ್ರಮ್ಮಲ್ಲಿ ಇಟ್ಟು ರೀಲ್ಸ್ ಹಾಕಿದರೆ ಸಾಕ್ಷಿಯನ್ನೂ ನೀವೇ ಕೊಟ್ಟ ಹಾಗೆ. ನಾವು ಮಾಡಿದ್ದೂ ತಪ್ಪೇ, ಎರಡನೇ ದಿನ ಬುದ್ಧಿ ಬಂತು, ಹಾವು ಹಿಡಿಯೋದು ಬಲ್ಲವರನ್ನ ಕರೆಸಿ ಒಪ್ಪಿಸಿದೆವು. ಗಾಯ ತೊಳೆದು ನೋಡಿ, ಆಳವಿಲ್ಲ ಅಂತ ಹೇಳಿ, ತೋಟದ ಅಂಚಿನ ಬರೆಯಲ್ಲೇ ಬಿಟ್ಟರು.

ವಿದೇಶಿ ಬಾಲ್ ಪೈಥಾನ್ ಸಾಕೋ ಗೀಳು ಬೆಂಗಳೂರಿನಿಂದ ನಮ್ಮ ಕಡೆಗೂ ಹತ್ತಿದೆ. ಅದು ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರೋ ಪ್ರಾಣಿ. 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಲೇಬೇಕು. ಕಾಗದಪತ್ರ ಇಲ್ಲದೆ "ಅಗ್ಗಕ್ಕೆ ಸಿಗತ್ತೆ" ಅಂದರೆ ಹತ್ತಿರ ಹೋಗಬೇಡಿ. ನೋಂದಣಿ ಇರೋ ಹಾವು ಈಗಾಗಲೇ ಮನೆಯಲ್ಲಿದ್ದರೆ ಇಷ್ಟು ತಿಳ್ಕೊಳ್ಳಿ: ಕಣ್ಣು ನೀಲಿಯಾದ ದಿನದಿಂದ ಊಟ ನಿಲ್ಲಿಸಿ, ಕೈಯಲ್ಲಿ ಎತ್ತೋದೂ ನಿಲ್ಲಿಸಿ. ಪೊರೆ ಪೂರ್ತಿ ಬಿದ್ದ ಮೇಲೆ ಒಂದೆರಡು ದಿನ ತಡೆದು ಊಟ ಕೊಡಿ, ಮೊದಲ ಸಲ ಸ್ವಲ್ಪ ಸಣ್ಣದೇ ಇರಲಿ. ಜೀವಂತ ಇಲಿಯನ್ನ ಬಿಟ್ಟು ಮಲಗೋಕೆ ಹೋಗಬೇಡಿ, ನಮ್ಮ ಕಥೆ ಕೇಳಿದಿರಲ್ಲ.

ಕೊಡಗಿನವರಿಗೆ ಇನ್ನೊಂದು ತೊಂದರೆ ಇದೆ, ಇದು ಬೆಂಗಳೂರಿನವರು ಹಾಕೋ ವಿಡಿಯೋದಲ್ಲಿ ಬರಲ್ಲ. ಪೊರೆ ಚೆನ್ನಾಗಿ ಕಳಚಬೇಕಾದರೆ ಗಾಳಿಯಲ್ಲಿ ತೇವ ಬೇಕು. ಕಕ್ಕಡದ ಮಳೆಯಲ್ಲಿ ನಮ್ಮಲ್ಲಿ ಗೋಡೆಯೇ ಬೆವರತ್ತೆ, ಆಗ ಪೆಟ್ಟಿಗೆ ಒಳಗೆ ಇನ್ನೂ ನೀರು ಚಿಮುಕಿಸಿದರೆ ಬೂಷ್ಟು ಹಿಡಿದು ಹಾವಿನ ಹೊಟ್ಟೆಯ ಹುರುಪೆ ಕೊಳೆಯತ್ತೆ. ಜನವರಿ–ಫೆಬ್ರವರಿಯಲ್ಲಿ ಇದಕ್ಕೆ ತದ್ವಿರುದ್ಧ, ಕಣದಲ್ಲಿ ಕಾಫಿ ಒಣಗೋ ಗಾಳಿಯಲ್ಲಿ ಪೊರೆಯೂ ಒಣಗಿ ತುಂಡು ತುಂಡಾಗಿ ಮೈಗೇ ಅಂಟ್ಕೊಳ್ಳತ್ತೆ. ಒದ್ದೆ ಪಾಚಿ ಹಾಕಿದ ಒಂದು ಮುಚ್ಚಿದ ಡಬ್ಬಿಗೆ ಬಾಗಿಲು ಕೊರೆದು ಇಟ್ಟರೆ ಹಾವು ತಾನೇ ಒಳಗೆ ಹೋಗಿ ಕೂರತ್ತೆ. ಬಾಲದ ತುದಿಯಲ್ಲಿ ಉಳಿದ ಪೊರೆ ಉಂಗುರದ ಹಾಗೆ ಬಿಗಿದು ರಕ್ತ ನಿಲ್ಲಿಸಬಹುದು, ಅದಕ್ಕೆ ಬಿದ್ದ ಪೊರೆಯನ್ನ ಬಿಡಿಸಿ ನೋಡಿ, ಬಾಲದ ತುದಿ ಮತ್ತು ಎರಡು ಕಣ್ಣಿನ ಗಾಜು ಬಂದಿದೆಯಾ ಅಂತ. ಕಣ್ಣಿನ ಮೇಲೆ ಉಳಿದಿದ್ದರೆ ಉಗುರಿನಿಂದ ಕೀಳೋಕೆ ಹೋಗಬೇಡಿ, ಕಣ್ಣೇ ಹೋಗತ್ತೆ. ಪಶುವೈದ್ಯರ ಹತ್ತಿರ ಹೋಗಿ.

ಸಾಕೋ ಗೀಳಿಲ್ಲದ ರೈತರಿಗೂ ಈ ವಿಷಯ ಬೇಕು. ಪೊರೆ ಬಂದ ಹಾವು ಓಡದೆ ಅಲ್ಲೇ ಕೂರತ್ತೆ, ಅಲುಗಾಡಿದ ನೆರಳಿಗೂ ಹೆದರಿ ಎರಗತ್ತೆ. ಕೇರೆಯಾದರೆ ಗಾಯ ಅಷ್ಟೇ. ಅದೇ ಜಾಗದಲ್ಲಿ ನಾಗರ ಅಥವಾ ಕೊಳಕುಮಂಡಲ ಇದ್ದರೆ? ಗೋಣಿಚೀಲ, ಸೌದೆ ರಾಶಿ, ಒಣಗಿದ ತೆಂಗಿನ ಗರಿ ಇವನ್ನೆಲ್ಲ ಮೊದಲು ಉದ್ದ ಕೋಲಿನಿಂದ ಎಳೆದು ಆಮೇಲೆ ಕೈ ಹಾಕಿ. ಕಚ್ಚಿದರೆ ಹಗ್ಗ ಬಿಗಿಯೋದು, ಬ್ಲೇಡಿನಲ್ಲಿ ಕೊಯ್ಯೋದು, ಹಾವು ಹಿಡಿದು ತರೋದು ಯಾವುದೂ ಬೇಡ. ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ. ನಮ್ಮಲ್ಲಿ ಸಿಗೋ ಪ್ರತಿವಿಷ ತಯಾರಾಗೋದು ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ತೋಟದ ತರಗೆಲೆಯಲ್ಲಿ ಸಿಗೋ ಮೂತಿ ಮೇಲೆತ್ತಿದ ಸಣ್ಣ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಹಾಗಾಗಿ "ಸಣ್ಣ ಹಾವು, ಪರವಾಗಿಲ್ಲ" ಅಂತ ಮನೆಯಲ್ಲಿ ಕೂರಬೇಡಿ, ವೈದ್ಯರ ಕಣ್ಣೆದುರು ಇರಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಇಲಿ ಕಾಟಕ್ಕೆ ಕೇರೆ ಹಾವು ಬೇಕು ಅನ್ನೋದಾದರೆ ಡ್ರಮ್ ಬೇಡ, ಕಲ್ಲಿನ ಕಟ್ಟೆಯ ಸಂದಿಗಳನ್ನ ಸಿಮೆಂಟ್ ಹಾಕಿ ಮುಚ್ಚದೆ ಬಿಡಿ, ಬರುತ್ತೆ. ಬ್ರೊಮಾಡಿಯೋಲೋನ್ ಪಾಷಾಣ ಇಟ್ಟ ಕಡೆ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ತಿರುಗಾಡ್ತಾ ಇರತ್ತೆ. ಅದನ್ನ ನುಂಗಿದ ಹಾವು, ಗೂಬೆಗೂ ವಿಷ ಹೋಗತ್ತೆ. ತರಕಾರಿ ಮಡಿಗೆ, ಕೆರೆಗೆ ಮೀನುಬಲೆ ಸುತ್ತಿದ್ದರೆ ನೆಲದಿಂದ ಒಂದಡಿ ಎತ್ತರಿಸಿ ಕಟ್ಟಿ. ಕಣ್ಣು ಕಾಣದ ಹಾವು ಅದರೊಳಗೆ ಸಿಕ್ಕಿ ಸಾಯೋದನ್ನ ನಾನೇ ನೋಡಿದೀನಿ. ಕೇರೆ ಇದ್ದರೆ ಅದನ್ನ ತಿನ್ನೋಕೆ ಕಾಳಿಂಗ ಬರತ್ತೆ ಅಂತ ಹಿರಿಯರು ಹೆದರಿಸ್ತಾರೆ, ಅದು ಸುಳ್ಳೇನಲ್ಲ. ಕಾಳಿಂಗದ ಮುಖ್ಯ ಆಹಾರವೇ ಬೇರೆ ಹಾವುಗಳು. ನಮ್ಮ ಪಶ್ಚಿಮಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದ ಅಂತ 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಓಫಿಯೋಫೇಗಸ್ ಕಾಳಿಂಗ ಅಂತ ಕನ್ನಡದ ಹೆಸರನ್ನೇ ಇಟ್ಟಿದ್ದಾರೆ. ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಸೆಲ್ಫಿಗೆ ಹೋಗಬೇಡಿ.

ಹಾವು ಬಿಟ್ಟ ಹನ್ನೊಂದನೇ ದಿನ ಪಲ್ಪರ್ ಮನೆ ಹಿಂದಿನ ಕಲ್ಲುಕಟ್ಟೆಯಲ್ಲಿ ಒಂದು ಪೊರೆ ಸಿಕ್ಕಿತು. ಕಾಲುಚೀಲ ಕಳಚಿದ ಹಾಗೆ ಒಳಗು ಹೊರಗಾಗಿತ್ತು. ಹೀಗೆ ಕಳಚಿದ ಪೊರೆಯ ಬಾಲದ ತುದಿ ಯಾವ ಕಡೆ ಇರತ್ತೋ ಹಾವು ಆ ಕಡೆ ಹೋಗಿರತ್ತೆ. ಇದರ ಬಾಲ ಗೋಡೌನ್ ಕಡೆಗಿತ್ತು. ಬೆನ್ನಿನ ಮೇಲೆ ಒಂದು ಜಾಗದಲ್ಲಿ ಹರಿದಿತ್ತು. ಅದೇ ಹಾವಿನದು ಅಂತ ಆಣೆ ಮಾಡಿ ಹೇಳೋಕಾಗಲ್ಲ, ಹುಡುಗ ಮಾತ್ರ ಅದೇ ಅಂತಾನೆ. ಡ್ರಮ್ಮಲ್ಲಿ ಈಗ ಗೊಬ್ಬರ ತುಂಬಿದೀವಿ.