ಕೊರಿಯದ ಹಸಿರು ಕರ್ಬೂಜ

1146ರಲ್ಲಿ ತೀರಿಕೊಂಡ ಕೊರಿಯದ ದೊರೆ ಇಂಜಾಂಗ್‌ನ ಸಮಾಧಿಯದೆಂದು ಹೇಳುವ ಹೂಜಿಯೊಂದು ಸೋಲ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹೊಟ್ಟೆ ಕರ್ಬೂಜದ ಹಣ್ಣು, ಎಂಟು ಹೋಳಾಗಿ ಉಬ್ಬಿಕೊಂಡಿದೆ. ಬಾಯಿ ಅರಳಿದ ಹೂವು. ಮೈಮೇಲೆ ಚಿತ್ರವಿಲ್ಲ, ಇರುವುದು ಬೂದು ಬೆರೆತ ನೀಲಿಹಸಿರು ಮಾತ್ರ. ಗೊರ್ಯೊ ಅರಸರ ಕಾಲದ (918–1392) ಸೆಲಡಾನ್ ಎಂಬ ಹಸಿರು ಪಿಂಗಾಣಿಯಲ್ಲಿ ಇದಕ್ಕಿಂತ ಚೆಲುವಾದದ್ದನ್ನು ಹುಡುಕುವುದು ಕಷ್ಟ.

ಈ ಹಸಿರಿಗೆ ಮೂಲ ಕಬ್ಬಿಣ. ಕಟ್ಟಿಗೆಯ ಬೂದಿ, ಜೇಡಿಮಣ್ಣು, ಕಲ್ಲಿನ ಪುಡಿ ಕಲಸಿ ಪಾತ್ರೆಗೆ ಬಳಿಯುವ ಗ್ಲೇಜ್‌ನಲ್ಲಿ ಶೇಕಡಾ 1ರಿಂದ 3ರಷ್ಟು ಕಬ್ಬಿಣದ ಆಕ್ಸೈಡ್ ಇದ್ದರೆ ಸಾಕು. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಕರಗಿ ಗಾಜಾಗುವ ಹೊತ್ತಿಗೆ ಕುಂಬಾರರು ಆವಿಗೆಗೆ ಗಾಳಿ ಕಡಿಮೆ ಮಾಡುತ್ತಾರೆ. ಪೂರ್ತಿ ಉರಿಯದ ಸೌದೆಯಿಂದ ಹೊರಟ ಕಾರ್ಬನ್ ಮಾನಾಕ್ಸೈಡ್, ಬೇರೆಲ್ಲೂ ಆಮ್ಲಜನಕ ಸಿಗದೆ, ಕಬ್ಬಿಣದ ಆಕ್ಸೈಡ್‌ನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಹೀಗೆ ಬದಲಾದ ಕಬ್ಬಿಣ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ನೀಲಿಹಸಿರು ಉಳಿಯುತ್ತದೆ. ಗಾಳಿ ಹೆಚ್ಚಾಯಿತೋ, ಅದೇ ಗ್ಲೇಜ್ ಹಳದಿಗೋ ಕಂದಿಗೋ ತಿರುಗುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಬೆಂಕಿಯ ಬಣ್ಣ ನೋಡಿಯೇ ಇದನ್ನೆಲ್ಲ ಅಳೆಯಬೇಕಿತ್ತು!

ಇನ್ನು ಹಣ್ಣು-ಹೂಗಳ ಆಕಾರ. ಅದು ಬರೀ ಅಲಂಕಾರವಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕರಗಿದ ಗ್ಲೇಜ್ ಜೇನಿನಂತೆ ನಿಧಾನವಾಗಿ ಜಾರಿ ತಗ್ಗುಗಳಲ್ಲಿ ಮಡುಗಟ್ಟುತ್ತದೆ, ಉಬ್ಬುಗಳ ಮೇಲೆ ತೆಳುವಾಗುತ್ತದೆ. ದಪ್ಪ ಪದರದಲ್ಲಿ ಬೆಳಕು ಹೆಚ್ಚು ದೂರ ಸಾಗಬೇಕಾದ್ದರಿಂದ ಅಲ್ಲಿ ಬಣ್ಣ ಗಾಢ. ಕರ್ಬೂಜದ ಗೀರು, ತಾವರೆಯ ಎಸಳಿನ ನರ, ಬಿದಿರ ಕಳಲೆಯ ಮಡಿಕೆ, ಇವೆಲ್ಲ ಒಂದೇ ಬಣ್ಣದಲ್ಲಿ ನೆರಳು-ಬೆಳಕು ಮೂಡಿಸುವ ಉಪಾಯಗಳು. ಗಾಜಿನೊಳಗೆ ಸಿಕ್ಕಿಬಿದ್ದ ಸಣ್ಣ ಗುಳ್ಳೆಗಳು ಬೆಳಕನ್ನು ಚದುರಿಸಿ ಆ ಹಸಿರಿಗೆ ಮೃದುತ್ವ ಕೊಡುತ್ತವೆ.

1123ರಲ್ಲಿ ಚೀನಾದ ಸಾಂಗ್ ದೊರೆಯ ನಿಯೋಗದೊಂದಿಗೆ ಗೊರ್ಯೊಗೆ ಬಂದ ಷು ಜಿಂಗ್, ಕೆಳಗೆ ತಾವರೆ, ಮೇಲೆ ಕುಳಿತ ಮೃಗವಿರುವ ಸೆಲಡಾನ್ ಧೂಪದಾನಿಯನ್ನು ಮೆಚ್ಚಿ ಬರೆದಿದ್ದಾನೆ. ಸೆಲಡಾನ್ ಕಲೆಯ ತವರಾದ ಚೀನಾದವನೇ ಹೀಗೆ ಮೆಚ್ಚಿದ್ದು ಸಣ್ಣ ಮಾತಲ್ಲ. ಸೋಲ್‌ನ ಕಾನ್‌ಸಾಂಗ್ ಕಲಾ ಸಂಗ್ರಹಾಲಯದಲ್ಲಿ ಮರಿಯನ್ನಪ್ಪಿದ ಸೆಲಡಾನ್ ತಾಯಿಕೋತಿಯೂ ಇದೆ. ಎತ್ತರ 10 ಸೆಂಟಿಮೀಟರ್ ಕೂಡ ಇಲ್ಲ. ಮಸಿ ತೇಯಲು ಹನಿಹನಿಯಾಗಿ ನೀರು ಬಿಡುವ ಪುಟ್ಟ ಪಾತ್ರೆ ಅದು: ತಾಯಿಯ ತಲೆಯಲ್ಲಿ ನೀರು ತುಂಬಿದರೆ ಮರಿಯ ತಲೆಯಿಂದ ಹೊರಬರುತ್ತದೆ.

ಯಾವುದೇ ಸಂಗ್ರಹಾಲಯದಲ್ಲಿ ಸೆಲಡಾನ್ ಪಾತ್ರೆ ಕಂಡರೆ ಮೊದಲು ಅದರ ಗೀರುಗಳತ್ತ ಕಣ್ಣು ಹಾಯಿಸಿ. ಹಸಿರು ಅತಿ ಗಾಢವಾಗಿರುವುದು ಅಲ್ಲೇ.