ಕಲಕಿದ ನೀರಲ್ಲಿ ತಳ ಕಾಣದು

ಅಂಕಪಟ್ಟಿ ಕೊಟ್ಟ ಮರುದಿನ ‘ಸಾರ್, ಸೈನ್ಸ್ ಬಿಟ್ಟುಬಿಡ್ತೀನಿ’ ಎನ್ನುವ ವಿದ್ಯಾರ್ಥಿ ಪ್ರತಿ ವರ್ಷ ನನ್ನೆದುರು ನಿಲ್ಲುತ್ತಾನೆ. ಆಗ ನನಗೆ ಸಂತ ಇಗ್ನೇಷಿಯಸ್ ಲೊಯೋಲ ನೆನಪಾಗುತ್ತಾರೆ.

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಹಾಸಿಗೆಯಲ್ಲಿ ಮಲಗಿ ತಮ್ಮ ಮನಸ್ಸನ್ನೇ ಗಮನಿಸಿದರು. ಶೌರ್ಯದ ಹಗಲುಗನಸು ಆ ಕ್ಷಣಕ್ಕೆ ಸಿಹಿ, ಆಮೇಲೆ ಬರಿದು. ಸಂತರಂತೆ ಬಾಳುವ ಯೋಚನೆ ಮಾತ್ರ ನೆಮ್ಮದಿ ಉಳಿಸುತ್ತಿತ್ತು. ಉಳಿಯುವ ನೆಮ್ಮದಿಯಲ್ಲಿ ದೇವರ ಪ್ರೇರಣೆಯನ್ನು ಗುರುತಿಸಿದರು.

1548ರಲ್ಲಿ ಅಚ್ಚಾದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯ ಒಂದು ನಿಯಮ: ಮನ ಕುಗ್ಗಿದಾಗ ಹಿಂದಿನ ನಿರ್ಧಾರ ಬದಲಿಸಬಾರದು; ದೇವರು ಕೈಬಿಟ್ಟಿಲ್ಲವೆಂದು ನಂಬಿ ತಾಳ್ಮೆಯಿಂದಿರಬೇಕು.

ಮಕ್ಕಳೇ, ಪೋಷಕರೇ, ಬೇಕಾದರೆ ವಿಷಯ ಬದಲಿಸಿ. ಆದರೆ ಅತ್ತ ದಿನವೇ ಬೇಡ. ನೀರು ತಿಳಿಯಾಗಲಿ.